ಡಾಲ್ಟನ್ನನ ನೀರಿಗೆ ಒಂದು ನಿಂಬೆಹಣ್ಣು ಕೊಸರು

ನಮ್ಮ ಮೊಮ್ಮಗಳು ಭಾಗ್ಯಶ್ರೀ ವಿಜಯಪುರಕ್ಕೆ ಆಯ್ಕೆಯಾಗಿದ್ದಾಳೆ! ಇಂಡಿಯಲ್ಲಿ ನಡೆದ ತಾಲ್ಲೂಕು ಮಟ್ಟದ ವಿಜ್ಞಾನ ಪ್ರದರ್ಶನದಲ್ಲಿ ಅವಳದೇ ಮೊದಲ ನಂಬರು. ಈ ಸುದ್ದಿಯನ್ನು ಬಸ್ ಸ್ಟ್ಯಾಂಡಿನ ಚಹಾದವನಿಗೆ ಹೇಳಿದೆ. ಕಂಡಕ್ಟರನಿಗೆ ಹೇಳಿದೆ. ಬಸ್ಸಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಒಬ್ಬರನ್ನು ಎಬ್ಬಿಸಿ ಹೇಳಿದೆ. ಅಗರಖೇಡದಲ್ಲಿ ಇಳಿದು ಮನೆ ಮುಟ್ಟುವಷ್ಟರಲ್ಲಿ ಹೇಳದೆ ಉಳಿದದ್ದು ಬಾಗಿಲ ಮುಂದಿನ ಬೇವಿನ ಗಿಡ ಮತ್ತು ನಮ್ಮ ಎಮ್ಮೆ. ಎಮ್ಮೆಗೂ ಹೇಳುತ್ತಿದ್ದೆ, ಅದೇ ಮುಖ ತಿರುಗಿಸಿತು.

ಮುತ್ಯಾ ಬೆನ್ನಿಗೆ ನಿಂತದ್ದರಿಂದ ಹುಡುಗಿ ಗೆದ್ದಳು ಎಂದು ಈಗ ಊರೆಲ್ಲ ಮಾತಾಡುತ್ತಿದೆ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. ಆ ಮುತ್ಯಾ ನಾನೇ. ಊರವರ ಮಾತನ್ನು ನಾನು ತಡೆಯಲಿಲ್ಲ. ಆದರೆ ಬರೆಯುವಾಗ ನಿಜ ಬರೆಯಬೇಕಲ್ಲ. ನಿಜವೇನೆಂದರೆ, ನಾನು ಸಹಾಯ ಮಾಡಿದರೂ ಅವಳು ಗೆದ್ದಳು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಆಮೇಲೆ ನಿಂಬೆಯ ತೋಟವೇ ನನಗೆ ಶಾಲೆ, ಇಂಡಿಯ ಬಜಾರವೇ ಕಾಲೇಜು. ಭಾಗ್ಯಾ ಹಾಗಲ್ಲ, ಒಂಬತ್ತನೆಯ ತರಗತಿಯಲ್ಲಿ ಇದ್ದಾಳೆ, ಓದುವ ಹುಚ್ಚು. ಹೋದ ವರ್ಷ ಇದೇ ಪ್ರದರ್ಶನಕ್ಕೆ ಮಣ್ಣಿನ ಜ್ವಾಲಾಮುಖಿ ಮಾಡಿಕೊಂಡು ಹೋಗಿದ್ದಳು. ಅದು ಬೆಂಕಿಯಂತೆ ಉಕ್ಕಬೇಕಾದ ಹೊತ್ತಿಗೆ ಸುಮ್ಮನೆ ಕೂತು, ಪರೀಕ್ಷಕರು ಮುಂದಿನ ಮೇಜಿಗೆ ಹೋದ ಮೇಲೆ ಉಕ್ಕಿತು. ಅವತ್ತು ಹುಡುಗಿ ಊಟ ಮಾಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಮುಂದಿನ ವರ್ಷ ನಾ ವಿಜಯಪುರಕ್ಕ ಹೋಗಾಕಿನ" ಎಂದು ಗೋಡೆಗೆ ಹೇಳಿದ್ದು ನನಗೂ ಕೇಳಿಸಿತ್ತು.

ಹಾಗಾಗಿ ಈ ವರ್ಷ ಅವಳು ಪಡಸಾಲೆಯಲ್ಲಿ ಕೂತು ಗಲ್ಲಕ್ಕೆ ಕೈ ಹಚ್ಚಿದಾಗ, ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ಈ ಸಲ ಏನ್ ಮಾಡ್ತಿ ಅವ್ವಿ?"

"ಡಾಲ್ಟನ್ನ ಅಂತ ಒಬ್ಬಾಂವ ಇದ್ದ ಮುತ್ಯಾ. ಅಂವ ಹೇಳಿದ್ದನ್ನ ತೋರಸ್ತೇನಿ."

"ಯಾವೂರಾಂವ?"

"ಇಂಗ್ಲೆಂಡಿನಾಂವ. ಎರಡು ನೂರು ವರ್ಷದ ಮಾತು. ನೇಕಾರನ ಮಗ. ತಾನ ಸಣ್ಣ ಹುಡುಗ ಇದ್ದಾಗ್ಲೇ ಸಾಲಿ ಕಲಸ್ತಿದ್ದ. ದಿನಾ ಮುಗಿಲು ನೋಡಿ ಮಳಿ, ಗಾಳಿ ಬರದಿಡ್ತಿದ್ದ."

ಮುಗಿಲು ನೋಡುವವನು ಎಂದ ಮೇಲೆ ಅವನು ನಮ್ಮವನೇ. ನನಗೆ ಕೂಡಲೇ ಅವನ ಮೇಲೆ ಪ್ರೀತಿ ಹುಟ್ಟಿತು. ಭಾಗ್ಯಾ ಮುಂದೆ ಹೇಳಿದಳು: ಲೋಕದ ಸಕಲ ವಸ್ತುವೂ ಕಣ್ಣಿಗೆ ಕಾಣದ ಕಾಳುಗಳಿಂದ ಆಗಿದೆಯಂತೆ. ಆ ಕಾಳೇ ಪರಮಾಣು. ಡಾಲ್ಟನ್ನನ ಪ್ರಕಾರ ಅದು ಗಟ್ಟಿ ಗುಂಡು. ಒಂದು ವಸ್ತುವಿನ ಗುಂಡುಗಳೆಲ್ಲ ಒಂದೇ ತೂಕ, ಇನ್ನೊಂದರದ್ದು ಬೇರೆ ತೂಕ. ಒಂದಕ್ಕೆ ಒಂದೋ, ಒಂದಕ್ಕೆ ಎರಡೋ ಕೂಡಿದರೆ ಹೊಸ ವಸ್ತು ಆಗುತ್ತದೆ.

"ಆದ್ರ ಅರ್ಧ ಕೂಡಂಗಿಲ್ಲ ಮುತ್ಯಾ. ಕೂಡಿದ್ರ ಇಡೀದ ಕೂಡಬೇಕು."

"ಅಂದ್ರ ಲಿಂಬಿಹಣ್ಣಿನಂಗ," ಎಂದೆ ನಾನು. "ನಾವೇನ್ ಅರ್ಧ ಲಿಂಬಿಹಣ್ಣು ಮಾರ್ತೇವೇನು?"

ಅವಳು ನಕ್ಕಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಅವಳು ಆ ಗುಂಡುಗಳಿಗಾಗಿ ಅಂಗಡಿಯಿಂದ ಥರ್ಮೋಕೋಲ್ ಚೆಂಡು ತರಿಸಬೇಕು ಎಂದಳು. ನಿಂಬೆಯ ತೋಟದವನ ಮೊಮ್ಮಗಳು, ಗುಂಡನೆಯ ವಸ್ತುವಿಗಾಗಿ ಅಂಗಡಿಗೆ ಹೋಗುವುದೆ? ತೋಟದ ಗಿಡಗಳು ಏನೆಂದುಕೊಂಡಾವು? ನಾನು ಎದ್ದು ನಿಂತು, ಸದರಿ ಪ್ರದರ್ಶನಕ್ಕೆ ಬೇಕಾಗುವ ಸಮಸ್ತ ಪರಮಾಣುಗಳನ್ನು ನಮ್ಮ ತೋಟದಿಂದಲೇ ಪೂರೈಸಲಾಗುವುದು ಎಂದು ಘೋಷಿಸಿದೆ.

"ಉರುಳ್ತಾವ ಮುತ್ಯಾ."

"ಕಸಬರಗಿ ಕಡ್ಡಿ ಮುರದು ಚುಚ್ಚೂಣು. ಎಲ್ಲಿಗೆ ಉರುಳ್ತಾವ?"

ಪ್ರದರ್ಶನದ ಹಿಂದಿನ ಸಂಜೆ ಇಬ್ಬರೂ ಕೆಲಸಕ್ಕೆ ಕೂತೆವು. ಡಾಲ್ಟನ್ನ ಗುಂಡುಗಳ ಗುರುತಿಗೆ ಚಿತ್ರ ಬರೆದಿದ್ದನಂತೆ: ಆಮ್ಲಜನಕಕ್ಕೆ ಖಾಲಿ ವೃತ್ತ, ಜಲಜನಕಕ್ಕೆ ನಡುವೆ ಚುಕ್ಕೆ ಇಟ್ಟ ವೃತ್ತ, ಇಂಗಾಲಕ್ಕೆ ಪೂರಾ ಕಪ್ಪು. ಅವಳ ಬಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ನಾನಿರುವಾಗ ಚಿಂತೆ ಯಾಕೆ? ಚುಕ್ಕೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ತಂದೆ. ಕಪ್ಪಿಗೆ ರೊಟ್ಟಿ ಹಂಚಿನ ಬೆನ್ನು ಕೆರೆದು ಮಸಿ ತಂದೆ. ಒಂದು ಅಗಲವಾದ ಹಲಗೆಯ ಮೇಲೆ ಮೂರು ಜೋಡಣೆ ಮಾಡಿದೆವು. ಮೊದಲನೆಯದು ಡಾಲ್ಟನ್ನ ಹೇಳಿದ ನೀರು: ಚುಕ್ಕೆಯದು ಒಂದು, ಖಾಲಿಯದು ಒಂದು. ಎರಡನೆಯದು ಮುಚ್ಚಿದ ಕೋಣೆಯಲ್ಲಿ ಇದ್ದಲಿ ಉರಿಸಿದರೆ ಜೀವ ತೆಗೆಯುವ ಗಾಳಿ: ಕಪ್ಪು ಒಂದು, ಖಾಲಿ ಒಂದು. ಮೂರನೆಯದು ಸೋಡಾದಲ್ಲಿ ಬುರುಗು ಬರಿಸುವ ಗಾಳಿ: ಕಪ್ಪು ಒಂದು, ಖಾಲಿ ಎರಡು. ಒಂದೊಂದರ ಮುಂದೂ ಹೆಸರಿನ ಚೀಟಿ. ಹಾದಿಯಲ್ಲಿ ಯಾವುದಾದರೂ ಜಜ್ಜಿಹೋದರೆ ಇರಲಿ ಎಂದು ಚುಕ್ಕೆಯವು, ಖಾಲಿಯವು ಕೆಲವನ್ನು ಚೀಲದಲ್ಲಿ ಬೇರೆ ಇಟ್ಟೆ.

ಭಾಗ್ಯಾಳ ಆಯಿ, ಅಂದರೆ ನನ್ನ ಹೆಂಡತಿ ಗುರುಬಾಯಿ, ಅಡುಗೆಮನೆಯಿಂದ ಹೊರಗೆ ಬಂದವಳು ಹಲಗೆ ನೋಡಿ ಹೊಸ್ತಿಲಲ್ಲೇ ನಿಂತಳು. ಕುಂಕುಮ, ಕಾಡಿಗೆಯಂಥ ಕಪ್ಪು, ಕಡ್ಡಿ ಚುಚ್ಚಿದ ನಿಂಬೆಹಣ್ಣು.

"ಯಾರ ಮ್ಯಾಲ ಮಾಡಸಾಕತ್ತೀರಿ ಇದನ್ನ?"

"ಇದು ವಿಜ್ಞಾನ. ನಿನಗ ತಿಳಿಯಂಗಿಲ್ಲ."

"ನನಗ ತಿಳಿಯಂಗಿಲ್ಲ, ಖರೆ. ಆದ್ರ ನಾಳೆ ಅಮಾಸಿ ಅನ್ನೂದು ತಿಳದೈತಿ. ಈ ಹಲಗಿ ತಗೊಂಡು ಬಸ್ ಹತ್ರಿ, ಜನಾ ನಿಮಗ ತಿಳಸ್ತಾರ."

ಜನ ತಿಳಿಸಿದರು.

ಮುಂಜಾನೆಯ ಇಂಡಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ನಾನು, ಭಾಗ್ಯಾ, ನಮ್ಮ ಹಲಗೆ ಒಳಗೆ ಹೋದದ್ದೇ ತಡ, ಮೂರು ಸೀಟು ತಾವಾಗಿಯೇ ಖಾಲಿಯಾದವು. ಒಬ್ಬ ತಾಯಿ ತನ್ನ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ನಮ್ಮ ತೋಟದ ಮಗ್ಗುಲಿನ ತೋಟದವನಾದ ಲಾಲಸಾಬ, ನನ್ನ ಬಾಲ್ಯದ ಗೆಳೆಯ, ತನ್ನ ನಿಂಬೆಯ ಚೀಲದ ಮೇಲೆ ಕೂತು ಟೊಪ್ಪಿಗೆ ಅಡ್ಡ ಹಿಡಿದು ನಗುತ್ತಿದ್ದ.

ಕಂಡಕ್ಟರ ಒಂದು ಮಾರು ದೂರ ನಿಂತು ಟಿಕೆಟು ಚಾಚಿದ. "ಅಜ್ಜಾರ, ಮೂರು ದಾರಿ ಕೂಡೂ ಕಡೆ ಬಸ್ ನಿಲ್ಲಸಂಗಿಲ್ಲ. ಮೊದ್ಲ ಹೇಳೇನಿ."

"ಅಲ್ರೀ ಅಣ್ಣಾರ, ಇದು ನೀರ್ರಿ," ಎಂದು ಭಾಗ್ಯಾ ನಿಂಬೆಹಣ್ಣು ತೋರಿಸಿ ತಿಳಿಸಿ ಹೇಳಿದಳು.

ಎದುರಿನ ಮುದುಕಿ ತಲೆ ಆಡಿಸಿದಳು. "ಹೌದವ್ವ, ನೀರ ಅದು. ಹುಡುಗಿಗೇ ಹಿಡದೈತಿ ಪಾಪ." ಹೀಗೆಂದು ಇನ್ನೊಂದು ಸೀಟು ಹಿಂದೆ ಸರಿದಳು.

"ಶರಣಪ್ಪ," ಎಂದ ಲಾಲಸಾಬ, "ಇಷ್ಟು ವರ್ಷ ನಿಂತು ಹೋಗಿ ಹೋಗಿ ಕಾಲು ಸವದಾವಲ್ಲೋ. ಈ ವಿಜ್ಞಾನ ಮೊದ್ಲ ಗೊತ್ತಿದ್ರ ದಿನಾ ಮಲಕೊಂಡು ಹೋಗ್ತಿದ್ವಿ."

ಇಂಡಿಯ ಶಾಲೆಯ ದೊಡ್ಡ ಕೋಣೆಯಲ್ಲಿ ನಮಗೊಂದು ಮೇಜು ಸಿಕ್ಕಿತು. ಸುತ್ತಲೂ ಗಾಳಿಯಂತ್ರ, ಹೃದಯ, ಚಂದ್ರ, ಸೂರ್ಯ. ಎಲ್ಲರದೂ ಥರ್ಮೋಕೋಲ್. ಸುವಾಸನೆ ಬರುತ್ತಿದ್ದದ್ದು ನಮ್ಮ ಮೇಜಿನಿಂದ ಮಾತ್ರ. ನನ್ನ ಎದೆ ಉಬ್ಬಿತು. ಭಾಗ್ಯಾ ಹೆಸರು ಬರೆಸಲು ಹೋಗುವ ಮೊದಲು ನನ್ನ ಕಡೆ ಬೆರಳು ತೋರಿಸಿದಳು.

"ಮುತ್ಯಾ, ಏನೂ ಮುಟ್ಟಬ್ಯಾಡ."

"ನಾ ಯಾಕ ಮುಟ್ಟಲಿ?"

ನಾನು ಮುಟ್ಟಲಿಲ್ಲ. ಲಾಲಸಾಬ ಬರುವವರೆಗೆ ಮುಟ್ಟಲಿಲ್ಲ. ಅವನು ತನ್ನ ಚೀಲವನ್ನು ಬಜಾರಿನಲ್ಲಿ ಇಳಿಸಿ ನಮ್ಮ ಹುಡುಗಿಯ ಕೆಲಸ ನೋಡಲೆಂದು ಬಂದಿದ್ದ. ಹಲಗೆಯ ಮುಂದೆ ಬೆನ್ನ ಹಿಂದೆ ಕೈ ಕಟ್ಟಿ ನಿಂತು, ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟ.

"ಏನೋ ಅದು ಉಸಿರು?"

"ಏನಿಲ್ಲ ಬಿಡು. ಒಂದಕ್ಕ ಒಂದು, ಒಂದಕ್ಕ ಒಂದು ಇಟ್ಟೀರಿ. ಶರಣಪ್ಪನ ತೋಟದ ಹಣ್ಣು ಅಂತಾರ ಜನಾ. ಕೊಸರು ಇಲ್ಲೇನೋ? ಕೈ ಯಾವಾಗ ಇಷ್ಟು ಸಣ್ಣದಾತು?"

ಹೀಗೆಂದು ಅವನು ಗಾಳಿಯಂತ್ರ ನೋಡಲು ಹೋದ. ಹೋದವನು ನನ್ನ ಎದೆಗೆ ಬೆಂಕಿ ಹಚ್ಚಿಯೇ ಹೋದ.

ನಮ್ಮಲ್ಲಿ ನಿಂಬೆಹಣ್ಣನ್ನು ಎಣಿಸಿ ಕೊಡುತ್ತೇವೆ. ಎಣಿಸಿ ಮುಗಿದ ಮೇಲೆ, ಕೊಂಡವನ ಚೀಲಕ್ಕೆ ಮೇಲಿಂದ ಒಂದಿಷ್ಟು ಹಾಕುತ್ತೇವೆ. ಅದೇ ಕೊಸರು. ಅದು ಲೆಕ್ಕಕ್ಕೆ ಸೇರಿದ್ದಲ್ಲ, ಮರ್ಯಾದೆಗೆ ಸೇರಿದ್ದು. ನಮ್ಮಪ್ಪ ನನಗೆ ಎಣಿಕೆ ಕಲಿಸುವ ಮೊದಲು ಕೊಸರು ಕಲಿಸಿದ್ದ. ಎಣಿಸಿದಷ್ಟೇ ಕೊಟ್ಟು ಕೈ ಒರೆಸಿಕೊಂಡವನ ಮನೆಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ. ಅಂಥದ್ದರಲ್ಲಿ ಇಡೀ ತಾಲ್ಲೂಕು ಸೇರುವ ಜಾಗದಲ್ಲಿ, ನಮ್ಮ ತೋಟದ ಹಣ್ಣು, ನಮ್ಮ ಮೊಮ್ಮಗಳ ಮೇಜು, ಒಂದಕ್ಕೆ ಒಂದು!

ನಾನೇನೂ ಯೋಚಿಸಲಿಲ್ಲ, ಕೈಯೇ ಚೀಲಕ್ಕೆ ಹೋಯಿತು. ನೀರಿಗೆ ಒಂದು ಚುಕ್ಕೆಯ ಹಣ್ಣು ಚುಚ್ಚಿದೆ. ಜೀವ ತೆಗೆಯುವ ಗಾಳಿಗೆ ಒಂದು ಖಾಲಿ ಹಣ್ಣು. ಸೋಡಾದ ಗಾಳಿಗೆ ಮೊದಲೇ ಎರಡಿದ್ದವು. ಆದರೆ ಅವರಿಗೆ ಕೊಟ್ಟು ಇವರಿಗೆ ಕೊಡದಿದ್ದರೆ ಅನ್ಯಾಯವಲ್ಲವೆ? ಅದಕ್ಕೂ ಒಂದು. ಹಲಗೆ ಈಗ ತುಂಬಿದಂತೆ ಕಂಡಿತು. ದೂರದಿಂದ ಲಾಲಸಾಬ ಹೆಬ್ಬೆರಳು ಎತ್ತಿದ.

ಅಷ್ಟರಲ್ಲಿ ಭಾಗ್ಯಾ ಬಂದಳು. ಅವಳ ಹಿಂದೆಯೇ ಪರೀಕ್ಷಕರೂ ಬಂದರು, ಕನ್ನಡಕಕ್ಕೆ ಸರಪಳಿ ಹಾಕಿಕೊಂಡ ಒಬ್ಬ ಮೇಡಂ. ಭಾಗ್ಯಾ ಹಲಗೆಯ ಕಡೆ ಬೆನ್ನು ಮಾಡಿ ನಿಂತು, ಬಾಯಿಪಾಠ ಮಾಡಿದ್ದನ್ನು ಗಡಗಡ ಶುರು ಮಾಡಿದಳು.

"ಇದು ಡಾಲ್ಟನ್ನ ಹೇಳಿದ ನೀರ್ರಿ ಮೇಡಂ. ಜಲಜನಕ ಒಂದು, ಆಮ್ಲಜನಕ ಒಂದು."

ಮೇಡಂ ಬಗ್ಗಿ ನೋಡಿದರು. "ಜಲಜನಕ ಎರಡು ಅದಾವಲ್ಲ?"

ಭಾಗ್ಯಾ ತಿರುಗಿ ಹಲಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಅದು ತಿರುಗುತ್ತಿರಲಿಲ್ಲ, ಆದರೂ ನೋಡಿದೆ.

"ಎರಡು ಅನ್ನೂದು ಇವತ್ತು ನಮಗೆಲ್ಲಾ ಗೊತ್ತೈತಿ," ಎಂದರು ಮೇಡಂ. "ಆದ್ರ ನೀ ಬರದಿದ್ದು ಡಾಲ್ಟನ್ನ ಹೇಳಿದ್ದು ಅಂತ. ಅಂವ ಒಂದ ಅಂದಿದ್ದ." ಎರಡನೆಯದಕ್ಕೆ ಸರಿದರು. "ಚೀಟಿಯೊಳಗ ಜೀವ ತಗಿಯೂ ಗಾಳಿ ಅಂತ ಐತಿ. ಜೋಡಿಸಿದ್ದು ಸೋಡಾದ್ದು." ಮೂರನೆಯದರ ಮುಂದೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದ್ಯಾವುದವ್ವ? ಇಷ್ಟು ವರ್ಷ ಕಲಿಸೇನಿ, ಇದರ ಪರಿಚಯ ಆಗಿಲ್ಲಲ್ಲ."

ಅವರ ಪೆನ್ನು ಮೇಲೆ ಎದ್ದಿತು. ಭಾಗ್ಯಾಳ ಕೆಳತುಟಿ ಹೋದ ವರ್ಷದ ಹಾಗೆಯೇ ನಡುಗತೊಡಗಿತು. ಆ ಗೋಡೆ, ಆ ಬೆನ್ನು ನನ್ನ ಕಣ್ಣ ಮುಂದೆ ಬಂತು. ನಾನು ರುಮಾಲು ತೆಗೆದು ಕೈಯಲ್ಲಿ ಹಿಡಿದು ಮುಂದೆ ಬಂದೆ.

"ಮೇಡಂ, ಹುಡುಗಿದು ತಪ್ಪಿಲ್ಲರಿ. ಅಕಿ ಬರೋಬರಿ ಮಾಡಿದ್ಳು. ನಾನ ಕೊಸರು ಹಾಕೇನ್ರಿ."

"ಏನ್ ಹಾಕೀರಿ?"

"ಕೊಸರ್ರಿ. ಒಂದಕ್ಕ ಒಂದು ಇಟ್ರ ಛಲೋ ಕಾಣಂಗಿಲ್ಲ ಅಂತ."

ಪಕ್ಕದ ಮೇಜಿನ ಹೃದಯದವರು ನಕ್ಕರು. ಚಂದ್ರ, ಸೂರ್ಯದವರೂ ನಕ್ಕರು. ಲಾಲಸಾಬ ಇದ್ದಕ್ಕಿದ್ದಂತೆ ಗಾಳಿಯಂತ್ರದ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡತೊಡಗಿದ. ನನಗೆ ಮಾತ್ರ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. ಹೋದ ವರ್ಷ ಅವಳನ್ನು ಸೋಲಿಸಲು ಒಂದು ಜ್ವಾಲಾಮುಖಿ ಬೇಕಾಗಿತ್ತು. ಈ ವರ್ಷ ಒಬ್ಬ ಮುತ್ಯಾ ಸಾಕಾದ.

ಭಾಗ್ಯಾ ಮೂಗು ಏರಿಸಿ ಒರೆಸಿಕೊಂಡಳು. "ಮೇಡಂ, ನಾ ಹೇಳ್ಲೇನ್ರಿ?"

"ಹೇಳು."

"ಡಾಲ್ಟನ್ನನ ಕಡೆ ತೂಕಾ ಇತ್ರಿ, ಆದ್ರ ಎಷ್ಟು ಕಾಳು ಕೂಡ್ಯಾವ ಅಂತ ಎಣಸೂ ದಾರಿ ಇರ್ಲಿಲ್ಲ. ಅದಕ್ಕ ಎಲ್ಲಾಕ್ಕಿಂತ ಸರಳ ಹಿಡದ, ಒಂದಕ್ಕ ಒಂದು ಅಂದ. ಅಲ್ಲಿ ತಪ್ಪಿದ. ಅವನ ಹಿಂದ ಬಂದವರು ಜಲಜನಕ ಇನ್ನೊಂದು ಐತಿ ಅಂದ್ರು. ನಮ್ಮ ಮುತ್ಯಾನೂ ಇನ್ನೊಂದು ಇಟ್ಟಾನ್ರಿ. ತಿಳೀದ ಇಟ್ಟಾನ, ಅದು ಬ್ಯಾರೆ ಮಾತು." ಇಲ್ಲಿ ಹೃದಯದವರು ಮತ್ತೆ ನಕ್ಕರು. "ಆದ್ರ ನೋಡ್ರಿ ಮೇಡಂ, ಅರ್ಧ ಇಟ್ಟಿಲ್ಲ. ಕೊಸರೂ ಇಡೀದ ಇಟ್ಟಾನ. ಕಾಳು ಕೂಡಿದ್ರ ಇಡೀದ ಕೂಡತಾವ ಅಂತ ಡಾಲ್ಟನ್ನ ಹೇಳಿದ್ದು ಇದನ್ನ."

ಮೇಡಂ ಪೆನ್ನು ಇಳಿಸಿದರು. ಭಾಗ್ಯಾಳ ದನಿ ಈಗ ಗಟ್ಟಿಯಾಗಿತ್ತು. ಎರಡನೆಯ ಜೋಡಣೆಯಿಂದ ನಾನು ಚುಚ್ಚಿದ ಹಣ್ಣು ಕಿತ್ತಳು, ಮತ್ತೆ ಚುಚ್ಚಿದಳು.

"ಬಜಾರದಾಗ ಕೊಸರು ಹಾಕಿದ್ರ ಲಿಂಬಿಹಣ್ಣು ಲಿಂಬಿಹಣ್ಣ ಇರ್ತೈತ್ರಿ. ಇಲ್ಲಿ ಹಂಗಲ್ಲ. ಇದು ಜೀವ ತಗಿತೈತಿ. ಒಂದ ಒಂದು ಕೊಸರು ಹಾಕಿದ್ರ ಸೋಡಾ ಆತು. ವಸ್ತುನ ಬದಲಾತು." ಮೂರನೆಯದರಿಂದ ಒಂದು ಹಣ್ಣು ಕಿತ್ತು ನನ್ನ ಕೈಗೆ ಕೊಟ್ಟಳು. "ಇದಕ್ಕ ಕೊಸರು ಹಿಡಸಂಗಿಲ್ಲ ಮುತ್ಯಾ. ಇದರ ಹೊಟ್ಟಿ ತುಂಬೈತಿ."

ಆ ಹಣ್ಣು ಹಿಡಿದುಕೊಂಡು ನಾನು ಶಾಲೆಯ ಹುಡುಗನ ಹಾಗೆ ನಿಂತಿದ್ದೆ.

"ಅಂವ ತಪ್ಪಿದ್ದ ಅಂತ ಗೊತ್ತಿದ್ದೂ ಅವನನ್ನ ಯಾಕ ಆರಿಸಿಕೊಂಡಿ?" ಎಂದು ಮೇಡಂ ಕೇಳಿದರು.

ಭಾಗ್ಯಾ ನನ್ನ ಕಡೆ ನೋಡಿದಳು. "ಎಣಿಕಿ ತಪ್ಪಿತ್ರಿ. ಮಾತು ತಪ್ಪಿರ್ಲಿಲ್ಲ."

ಇದನ್ನು ಅವಳು ಡಾಲ್ಟನ್ನನ ಬಗ್ಗೆಯೇ ಹೇಳಿದ್ದು. ಆದರೂ ನನಗೂ ಸ್ವಲ್ಪ ಸಮಾಧಾನವಾಯಿತು.

ಮೇಡಂ ಈಗ ನನ್ನ ಕಡೆ ತಿರುಗಿದರು. "ಅಜ್ಜಾರ, ಪರಮಾಣು ಒಡಿಯಂಗಿಲ್ಲ ಅಂತಲೂ ಅಂವ ಅಂದಿದ್ದ. ಆಮ್ಯಾಲಿನವರು ಅದನ್ನೂ ಒಡದ್ರು. ನೀವು ಚೀಲದಾಗ ಚಾಕು ತಂದಿಲ್ಲಲ್ಲ?"

"ಇಲ್ಲರಿ."

"ಪುಣ್ಯಾತು."

ಅವರು ನಗುವುದನ್ನು ಕಂಡು ನನ್ನ ಸಂತೋಷ ಕಟ್ಟೆ ಒಡೆಯಿತು. ಸಂತೋಷವಾದಾಗ ನನ್ನ ಕೈಗೆ ಒಂದೇ ದಾರಿ ಗೊತ್ತು. ಚೀಲದಲ್ಲಿ ಉಳಿದಿದ್ದ ಖಾಲಿ ಹಣ್ಣುಗಳನ್ನು ಬೊಗಸೆಯಲ್ಲಿ ತುಂಬಿ ಮೇಡಂ ಮುಂದೆ ಹಿಡಿದೆ. "ಮನಿಗೆ ಒಯ್ರಿ ಮೇಡಂ. ನಮ್ಮ ತೋಟದ್ದ." ಮೇಡಂ ಎರಡೂ ಕೈ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಸರಿದರು. ನಾನು ಮುಂದೆ ಸರಿದೆ. "ಕಡಿಮಿ ಆತೇನ್ರಿ?" ಎಂದು ಮೇಲೆ ಎರಡು ಇಟ್ಟೆ.

ಲಾಲಸಾಬ ಓಡಿ ಬಂದು ನನ್ನ ರಟ್ಟೆ ಹಿಡಿದ. "ಲೇ, ನಂಬರ್ ಕೊಡೂದಕ್ಕಿಂತ ಮೊದ್ಲ ಕೊಟ್ರ ಅದಕ್ಕ ಬ್ಯಾರೆ ಹೆಸರೈತೋ. ಹೊರಗ ನಡಿ."

ಹೀಗೆ ವಿಜ್ಞಾನ ಪ್ರದರ್ಶನದಿಂದ ನನ್ನನ್ನು ಹೊರಗೆ ಹಾಕಲಾಯಿತು. ಮಧ್ಯಾಹ್ನ ಫಲಿತಾಂಶ ಹೇಳುವಾಗ ನಾನು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದೆ. ಭಾಗ್ಯಶ್ರೀ ಎಂದರು. ಮುಂದಿನ ಅಡ್ಡಹೆಸರು ನನಗೆ ಕೇಳಿಸಲೇ ಇಲ್ಲ, ನಾನು ಅಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ. ಲಾಲಸಾಬ ಕಣ್ಣು ಒರೆಸಿಕೊಳ್ಳುತ್ತಿದ್ದ. ಕೇಳಿದರೆ ನಿಂಬೆಯ ಹುಳಿ ಸಿಡಿಯಿತು ಎಂದ.

ಮೇಡಂ ಎರಡು ಷರತ್ತು ಹಾಕಿದ್ದಾರೆ. ಒಂದು, ವಿಜಯಪುರದಲ್ಲಿ ಎರಡು ಹಲಗೆ ಇರಬೇಕು: ಕೊಸರು ಹಾಕುವ ಮೊದಲು, ಕೊಸರು ಹಾಕಿದ ನಂತರ. ಎರಡು, ಅಜ್ಜಾರು ಬರಬಹುದು, ಆದರೆ ಜನರ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂಡಬೇಕು, ಚೀಲ ತರಬಾರದು.

ಹಲಗೆಯನ್ನು ಅಲ್ಲಿಯ ಮಕ್ಕಳು ನೋಡಲೆಂದು ಶಾಲೆಯಲ್ಲೇ ಇಟ್ಟುಕೊಂಡರು. ಹಾಗಾಗಿ ಬರುವಾಗ ಬಸ್ಸಿನಲ್ಲಿ ನಮ್ಮನ್ನು ಕಂಡು ಯಾರೂ ಹೆದರಲಿಲ್ಲ. ನಿಂತೇ ಬಂದೆವು.

ಸಂಜೆ ಮನೆಯಲ್ಲಿ ಅಮಾವಾಸ್ಯೆಯ ಶೇಂಗಾ ಹೋಳಿಗೆ. ಮಗ, ಸೊಸೆ ತೋಟದಿಂದ ಬೇಗ ಬಂದರು. ಲಾಲಸಾಬನನ್ನೂ ಕರೆದು ಸಾಲಿನಲ್ಲಿ ಕೂಡಿಸಿದೆವು. ಅವನ ಮೇಲೆ ನನಗೆ ಸಿಟ್ಟಿತ್ತು, ಆದರೆ ಸಿಟ್ಟಿಗೂ ಹೋಳಿಗೆಗೂ ಸಂಬಂಧವಿಲ್ಲ. ಗುರುಬಾಯಿ ಎಲ್ಲ ಕೇಳಿದಳು. ಬಸ್ಸಿನ ಕಥೆಗೆ ನಕ್ಕಳು, ಬೊಗಸೆಯ ಕಥೆಗೆ ಹಣೆ ಬಡಿದುಕೊಂಡಳು. ಆಮೇಲೆ ಬಡಿಸುತ್ತ ಬಂದಳು. ಭಾಗ್ಯಾಳಿಗೆ ಒಂದು ಹಾಕಿ, ಬೇಡ ಎಂದರೂ ಮೇಲೆ ಇನ್ನೊಂದು. ಮಗನಿಗೆ, ಸೊಸೆಗೆ ಒಂದರ ಮೇಲೊಂದು. ಲಾಲಸಾಬನಿಗೆ ಒಂದರ ಮೇಲೆ ಎರಡು. ನನ್ನ ತಾಟಿಗೆ ಒಂದು ಹಾಕಿ ಮುಂದೆ ಹೋದಳು.

"ಯಾಕ? ನನಗ ಕೊಸರಿಲ್ಲೇನು?"

"ನಿಮಗ ಇವತ್ತ ಡಾಲ್ಟನ್ನನ ಲೆಕ್ಕ. ಒಂದಕ್ಕ ಒಂದು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು, ಇದಕ್ಕೆಲ್ಲ ಬೆಂಕಿ ಹಚ್ಚಿದ ಲಾಲಸಾಬ. ನಾನು ತುಪ್ಪ ಸವರಿಕೊಂಡು ಆ ಒಂದನ್ನು ಸಣ್ಣ ಸಣ್ಣ ತುತ್ತು ಮಾಡಿ ಉಣ್ಣುತ್ತಿದ್ದೆ. ಭಾಗ್ಯಾ ತನ್ನ ತಾಟಿನ ಎರಡನೆಯ ಹೋಳಿಗೆಯನ್ನು ಎತ್ತಿ ನನ್ನ ತಾಟಿಗೆ ಇಟ್ಟಳು.

"ಅರ್ಧ ಸಾಕವ್ವ," ಎಂದೆ.

"ಅರ್ಧ ನಡಿಯಂಗಿಲ್ಲ ಮುತ್ಯಾ. ಇಡೀದ ತಿನ್ನಬೇಕು."

ಇಡಿಯದನ್ನೇ ತಿಂದೆ. ಜೀವಮಾನವೆಲ್ಲ ಕೊಸರು ಹಾಕಿದ್ದೆ, ಮೊಮ್ಮಗಳಿಂದ ಹಾಕಿಸಿಕೊಂಡದ್ದು ಇದೇ ಮೊದಲು. ಕಣ್ಣಿಗೆ ನೀರು ಬಂತು. ಅದರಲ್ಲಿ ಜಲಜನಕ ಎರಡು ಎಂಬುದು ನನಗೂ ಈಗ ಗೊತ್ತಿದೆ. ಏನಾದರೂ ದೊಡ್ಡ ಮಾತು ಹೇಳಬೇಕೆಂದು ಬಾಯಿ ತೆರೆದೆ.

"ಉಂಡಾದ ಮ್ಯಾಲ ಎಲ್ಲಾರ ತಾಟೂ ನೀವ ತೊಳೀರಿ," ಎಂದಳು ಗುರುಬಾಯಿ. "ಹಂಚೂ ತೊಳೀರಿ, ಅದರ ಬೆನ್ನ ಮಸಿ ಕೆರದವರು ನೀವ ಅಲ್ಲೇನು? ಅದು ಕೊಸರು."